ಗಲ್ಲಾಪೆಟ್ಟಿಗೆಯ ಪೆನ್‌ಡ್ರೈವ್

ಪೇಟೆಬೀದಿಯ ಯಾವುದೇ ಅಂಗಡಿಗೆ ಹೋಗಿ, "ಕಂಪ್ಯೂಟರ್ ಕೆಟ್ಟರೆ ನಿಮ್ಮ ಲೆಕ್ಕದ ಗತಿ ಏನು?" ಎಂದು ಮಾಲೀಕರನ್ನು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ಬ್ಯಾಕಪ್ ಇದೆ ಸರ್, ಟ್ಯಾಲಿ ಹುಡುಗ ತೆಗೀತಾನೆ." ಎಲ್ಲಿದೆ ಎಂದರೆ ಗಲ್ಲಾಪೆಟ್ಟಿಗೆಯ ಖಾನೆ ಎಳೆದು, ಚಿಲ್ಲರೆ, ರಬ್ಬರ್ ಬ್ಯಾಂಡು, ಮುಗಿದುಹೋದ ಚೆಕ್‌ಬುಕ್ಕುಗಳ ನಡುವಿನಿಂದ ಒಂದು ಪೆನ್‌ಡ್ರೈವ್ ಎತ್ತಿ ತೋರಿಸುತ್ತಾರೆ. ಆಯುಧಪೂಜೆಯ ಕುಂಕುಮ ಅದಕ್ಕೂ ಅಂಟಿರುವುದುಂಟು. ಅದರೊಳಗೆ ಯಾವ ತಾರೀಖಿನವರೆಗಿನ ಲೆಕ್ಕ ಇದೆ ಎಂದು ಇನ್ನೊಂದು ಪ್ರಶ್ನೆ ಹಾಕಿದರೆ ಮಾಲೀಕರು ಹುಡುಗನ ಕಡೆ ನೋಡುತ್ತಾರೆ. ಹುಡುಗ ಪೆನ್‌ಡ್ರೈವ್ ಕಡೆ ನೋಡುತ್ತಾನೆ.

ಕಳ್ಳ ಬಂದರೆ ಮೊದಲು ಕೈಹಾಕುವುದು ಗಲ್ಲಾಪೆಟ್ಟಿಗೆಗೆ. ಬೆಂಕಿ ಬಿದ್ದರೆ ಕಂಪ್ಯೂಟರ್ ಸುಟ್ಟ ಗಳಿಗೆಯಲ್ಲೇ ಮೂರು ಅಡಿ ದೂರದ ಪೆಟ್ಟಿಗೆಯೂ ಸುಡುತ್ತದೆ. ನೀರು ನುಗ್ಗಿದರೂ ಅಷ್ಟೇ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಬಂದ ನೀರು, ಇದು ಅಸಲು, ಇದು ಪ್ರತಿ ಎಂದು ನೋಡಿ ನುಗ್ಗಲಿಲ್ಲ.

ಆದರೂ ಪೆನ್‌ಡ್ರೈವ್ ಎಲ್ಲಿದೆ ಎಂಬುದು ಸಣ್ಣ ಪ್ರಶ್ನೆ. ದೊಡ್ಡ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಕೇಳಿರುವುದಿಲ್ಲ: ಅದರಿಂದ ಲೆಕ್ಕವನ್ನು ವಾಪಸ್ ತಂದು ಒಮ್ಮೆಯಾದರೂ ನೋಡಿದ್ದಾರೆಯೇ? ಬ್ಯಾಕಪ್ ತೆಗೆಯುವುದು ಅರ್ಧ ಕೆಲಸ. ಉಳಿದರ್ಧ ಕೆಲಸ ಬಾಕಿ ಇದೆ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಕಂಪ್ಯೂಟರ್ ಕೆಟ್ಟ ದಿನ.

ಇಂಗ್ಲೆಂಡಿನ ನಾರ್ತಾಂಪ್ಟನ್‌ಶೈರಿನಲ್ಲಿ ಕೆಎನ್‌ಪಿ ಎಂಬ ಲಾರಿ ಸಾಗಾಟದ ಕಂಪನಿ ಇತ್ತು. ಅದರ ಮೂಲ ಸಂಸ್ಥೆ 'ನೈಟ್ಸ್ ಆಫ್ ಓಲ್ಡ್' ಶುರುವಾದದ್ದು 1865ರಲ್ಲಿ, ಕುದುರೆಗಾಡಿಗಳ ಕಾಲದಲ್ಲಿ. ಎರಡು ಮಹಾಯುದ್ಧ ದಾಟಿ ಬಂದ ಆ ಸಂಸ್ಥೆಗೆ ಕೊನೆಕೊನೆಗೆ ಸುಮಾರು 500 ಲಾರಿಗಳಿದ್ದವು. 2023ರ ಜೂನ್‌ನಲ್ಲಿ 'ಅಕಿರಾ' ಎಂಬ ರ‍್ಯಾನ್ಸಮ್‌ವೇರ್ ತಂಡ ಅದರ ಕಂಪ್ಯೂಟರುಗಳೊಳಗೆ ಹೊಕ್ಕಿತು. ಸುಲಭವಾಗಿ ಊಹಿಸಬಹುದಾದ ಯಾರದೋ ಒಂದು ಪಾಸ್‌ವರ್ಡೇ ದಾರಿ ಮಾಡಿಕೊಟ್ಟಿತು ಎಂದು ಆಮೇಲೆ ಹೇಳಲಾಯಿತು. ಒಳಗೆ ಬಂದವರು ಡಾಟಾಕ್ಕೆ ಬೀಗ ಜಡಿದರು, ಹಣ ಕೇಳಿದರು. ಲಾರಿಗಳೇನೋ ಓಡುತ್ತಲೇ ಇದ್ದವು. ಆದರೆ ಸಾಲ ಕೊಟ್ಟವರಿಗೆ ತೋರಿಸಬೇಕಾದ ಹಣಕಾಸಿನ ಲೆಕ್ಕ ಸಿಗದಂತಾಯಿತು, ಹೊಸ ಹಣ ಹುಟ್ಟಲಿಲ್ಲ. ಸೆಪ್ಟೆಂಬರಿಗೆ ಕಂಪನಿ ಬಾಗಿಲು ಹಾಕಿತು. ಸುಮಾರು 700 ಮಂದಿ ಕೆಲಸ ಕಳೆದುಕೊಂಡರು. 158 ವರ್ಷದ ವ್ಯಾಪಾರ ಮುಳುಗಿದ್ದು ಲಾರಿ ಕೆಟ್ಟು ಅಲ್ಲ, ಡೀಸೆಲ್ ದರ ಏರಿ ಅಲ್ಲ, ಲೆಕ್ಕ ಕೈಗೆ ಸಿಗದೆ.

ನಮ್ಮ ಕಡೆಯ ಕಿರಾಣಿ ಅಂಗಡಿಗೋ ಮೆಡಿಕಲ್ ಸ್ಟೋರಿಗೋ ಇದು ದೂರದ ಮಾತೆನ್ನಿಸಬಹುದು. ಲೆಕ್ಕದ ಡಾಟಾ ಪೂರ್ತಿ ಹೋಯಿತು ಎಂದು ಇಟ್ಟುಕೊಂಡರೂ ಕೆಲವು ವಿವರ ಬೇರೆಡೆ ಉಳಿದಿರುತ್ತವೆ ನಿಜ. ಮಾರಾಟದ ಬಿಲ್ಲುಗಳ ಸಾರ ಜಿಎಸ್‌ಟಿ ಪೋರ್ಟಲ್‌ನಲ್ಲಿ ಇರುತ್ತದೆ. ವರ್ಷಕ್ಕೆ 5 ಕೋಟಿ ಮೀರಿದ ವಹಿವಾಟಿದ್ದರೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕಡ್ಡಾಯ, ಅದರ ದಾಖಲೆಯೂ ಸರ್ಕಾರದ ಕಡೆ ಇರುತ್ತದೆ. ಬ್ಯಾಂಕಿನವರು ಸ್ಟೇಟ್‌ಮೆಂಟ್ ಕೊಡುತ್ತಾರೆ. ಖರೀದಿ ಬಿಲ್ಲಿನ ನಕಲನ್ನು ಹೋಲ್‌ಸೇಲ್‌ನವರು ಮುಖ ಗಂಟಿಕ್ಕಿಕೊಂಡಾದರೂ ಕಳಿಸುತ್ತಾರೆ.

ಎಲ್ಲಿಯೂ ಸಿಗದೇ ಹೋಗುವುದು ಉದ್ರಿ. ಯಾರ ಮೇಲೆ ಎಷ್ಟು ಬಾಕಿ, ಯಾರು ಕಳೆದ ವಾರ ಎರಡು ಸಾವಿರ ಕೊಟ್ಟು ಹೋದರು, ಯಾವ ಮೇಸ್ತ್ರಿ ಯಾವ ಸೈಟಿನ ಹೆಸರಲ್ಲಿ ಸಿಮೆಂಟು ಒಯ್ದರು ಎಂಬ ಲೆಕ್ಕ ಜಗತ್ತಿನಲ್ಲಿ ಇರುವುದು ಅದೊಂದೇ ಕಂಪ್ಯೂಟರಿನಲ್ಲಿ. ನಾವು ಯಾರಿಗೆ ಕೊಡಬೇಕೋ ಅವರು ಫೋನು ಮಾಡಿ ಜ್ಞಾಪಿಸುತ್ತಾರೆ. ನಮಗೆ ಕೊಡಬೇಕಾದವರು ಮಾತ್ರ ಫೋನು ಎತ್ತುವುದಿಲ್ಲ. ಹಾಗೆಯೇ ಟೈಲರ್ ಅಂಗಡಿಯ ಅಳತೆಗಳು, ಪಾರ್ಟಿಗೊಂದರಂತೆ ಕೊಡುವ ರಿಯಾಯಿತಿ, ಗೋದಾಮಿನ ಸ್ಟಾಕು, ಫೋಟೋ ಸ್ಟುಡಿಯೋದಲ್ಲಿ ಇನ್ನೂ ಆಲ್ಬಂ ಆಗದ ಮದುವೆ. ಬ್ಯಾಕಪ್ ಯೋಜನೆ ಆರಂಭವಾಗಬೇಕಾದ್ದು ಯಾವ ಡಿಸ್ಕ್ ಕೊಳ್ಳಬೇಕು ಎಂಬಲ್ಲಿಂದ ಅಲ್ಲ. ಬೇರೆಲ್ಲೂ ಸಿಗದ್ದು ಏನೇನಿದೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳುವಲ್ಲಿಂದ.

ಕಾನೂನಿಗೂ ಇದರಲ್ಲಿ ಮಾತುಂಟು. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಲೆಕ್ಕ ಕಂಪ್ಯೂಟರಿನಲ್ಲಿದ್ದರೆ ಅದರ ಪ್ರತಿ ಇರಬೇಕು, ಅವಘಡದಲ್ಲೋ ಪ್ರಕೃತಿ ವಿಕೋಪದಲ್ಲೋ ಮೂಲ ನಾಶವಾದರೆ ತಕ್ಕಮಟ್ಟಿನ ಅವಧಿಯಲ್ಲಿ ಮಾಹಿತಿಯನ್ನು ಮರಳಿ ತರುವಂತಿರಬೇಕು ಎಂದು ಸಿಜಿಎಸ್‌ಟಿ ನಿಯಮ 57 ಹೇಳುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಇನ್ನೂ ಬಿಗಿ: 2022ರ ಆಗಸ್ಟ್‌ನ ತಿದ್ದುಪಡಿಯಿಂದೀಚೆಗೆ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಆಗಬೇಕು. ನಿಯಮ 57ರ ಒಕ್ಕಣೆಯಲ್ಲಿ ಒತ್ತು ಇರುವುದು ಮರಳಿ ತರುವುದರ ಮೇಲೆ ಎಂಬುದನ್ನು ಗಮನಿಸಬೇಕು. ಸರ್ಕಾರಿ ಭಾಷೆ ಅಪರೂಪಕ್ಕೆ ಸರಿಯಾದ ಜಾಗಕ್ಕೇ ಬೆರಳಿಟ್ಟಿದೆ.

ಹಿಂದೆ ಕನ್ನಡ ನಾಡಿನ ವರ್ತಕರು ಲೆಕ್ಕ ಬರೆಯುತ್ತಿದ್ದುದು ಕಡತದ ಮೇಲೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬಿಳಿಯ ಅಕ್ಷರ ಬರೆಯುವ ಸಾಧನ ಅದು. ಒರೆಸಿ ಮತ್ತೆ ಬರೆಯಬಹುದಿತ್ತು. ಇವತ್ತು ಕಂಪ್ಯೂಟರಿನ 'ಫೈಲ್' ಎಂಬುದಕ್ಕೆ ಕನ್ನಡದಲ್ಲಿ ಅದೇ ಹೆಸರು ಬಂದಿರುವುದು ಬಲು ಹೊಂದುತ್ತದೆ: ಎರಡೂ ಒಂದು ಕೈಬೀಸಿನಲ್ಲಿ ಅಳಿಸಿಹೋಗುತ್ತವೆ. ಬೆಂಗಳೂರಿನಲ್ಲೇ 1986ರಲ್ಲಿ ಹುಟ್ಟಿದ ಲೆಕ್ಕದ ತಂತ್ರಾಂಶ ಟ್ಯಾಲಿ ದೇಶದ ಲಕ್ಷಾಂತರ ಅಂಗಡಿಗಳ ಕಿರ್ದಿ, ಖತಾವಣಿಗಳನ್ನು ತೆರೆಗೆ ತಂದಿತು. ದಪ್ಪ ರಟ್ಟಿನ ಖಾತೆ ಪುಸ್ತಕ ಮಳೆಯಲ್ಲಿ ನೆನೆದರೂ ಒಣಗಿಸಿ ಓದಬಹುದಿತ್ತು. ಹಾರ್ಡ್ ಡಿಸ್ಕಿಗೆ ಆ ಸೌಲಭ್ಯವಿಲ್ಲ.

ಡಿಸ್ಕುಗಳು ಎಷ್ಟು ಬೇಗ ಕೆಡುತ್ತವೆ? ಲಕ್ಷಗಟ್ಟಲೆ ಡಿಸ್ಕುಗಳಲ್ಲಿ ಜನರ ಡಾಟಾ ಇಟ್ಟುಕೊಡುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿ ತನ್ನ ಡಿಸ್ಕುಗಳ ಸಾವಿನ ಲೆಕ್ಕವನ್ನು ವರ್ಷಾನುಗಟ್ಟಲೆಯಿಂದ ಪ್ರಕಟಿಸುತ್ತ ಬಂದಿದೆ. ವರ್ಷಕ್ಕೆ ನೂರಕ್ಕೆ ಒಂದೆರಡು ಕೈಕೊಡುತ್ತವೆ. ಅದೂ ತಂಪು ಗಾಳಿ, ನಿಲ್ಲದ ಕರೆಂಟು ಇರುವ ಕೋಣೆಯಲ್ಲಿ. ಮೇಜಿನ ಕೆಳಗೆ ಧೂಳು, ಊದುಬತ್ತಿ ಹೊಗೆ, ಕಸಪೊರಕೆಯ ಪೆಟ್ಟು ತಿನ್ನುತ್ತ ದಿನಕ್ಕೆ ನಾಲ್ಕು ಬಾರಿ ಕರೆಂಟು ಹೋಗಿಬರುವಲ್ಲಿ ಅದೃಷ್ಟ ಇನ್ನೂ ತೆಳು. ವೋಚರ್ ಉಳಿಸುವ ಹೊತ್ತಿಗೇ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿ ಸತ್ತಿದ್ದು ಗೊತ್ತಾಗಿ, ಮರುದಿನ ಟ್ಯಾಲಿ ಕಂಪನಿಯೇ ತೆರೆದುಕೊಳ್ಳದ ಅನುಭವ ಲೆಕ್ಕ ಬರೆಯುವವರಲ್ಲಿ ಎಷ್ಟೋ ಜನಕ್ಕಿದೆ.

ಎಷ್ಟು ಪ್ರತಿ ಇರಬೇಕು ಎಂಬುದಕ್ಕೆ ಜಗತ್ತಿನಾದ್ಯಂತ ಓಡಾಡುವ ಸೂತ್ರ 3-2-1. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಅವುಗಳಲ್ಲಿ ಒಂದು ಬೇರೆ ಜಾಗದಲ್ಲಿ. ಇದನ್ನು ಜನಪ್ರಿಯ ಮಾಡಿದ್ದು ಯಾವ ಕಂಪ್ಯೂಟರ್ ಪಂಡಿತರೂ ಅಲ್ಲ, ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್. ಅಚ್ಚರಿಯಿಲ್ಲ. ಬಿದ್ದ ಮನೆ ಮತ್ತೆ ಕಟ್ಟಬಹುದು, ತಾಳಿ ಕಟ್ಟಿದ ಗಳಿಗೆಯನ್ನು ಮತ್ತೆ ತೆಗೆಯಲಾಗದು ಎಂಬ ಭಯ ಫೋಟೋ ತೆಗೆಯುವವರಿಗೆ ಇರುವಷ್ಟು ಇನ್ಯಾರಿಗೂ ಇಲ್ಲ. ಆಲ್ಬಂ ಕೈಸೇರುವವರೆಗೆ ಮೆಮೊರಿ ಕಾರ್ಡ್ ಅಳಿಸದ ಸ್ಟುಡಿಯೋದವರು ಸೂತ್ರದ ಹೆಸರು ಕೇಳದೆಯೇ ಅದರ ಒಂದು ಪಾಲನ್ನು ಪಾಲಿಸುತ್ತಿರುತ್ತಾರೆ.

ಮೂರರಲ್ಲಿ ಹೆಚ್ಚು ಜನ ತಪ್ಪುವುದು 'ಬೇರೆ ಜಾಗ'ದಲ್ಲಿ. 2021ರ ಮಾರ್ಚ್ 10ರ ನಡುರಾತ್ರಿ ಕಳೆದ ಮೇಲೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಐದು ಮಹಡಿಯ ಡಾಟಾ ಸೆಂಟರ್ ಹೊತ್ತಿ ಉರಿಯಿತು. ಲಕ್ಷಾಂತರ ವೆಬ್‌ಸೈಟುಗಳು ನಿಂತುಹೋದವು. ಅಲ್ಲಿ ಜಾಗ ಬಾಡಿಗೆ ಪಡೆದಿದ್ದ ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತು. ಆಮೇಲೆ ಕೋರ್ಟಿಗೆ ಅಲೆದದ್ದಾಯಿತು, ಡಾಟಾ ಬರಲಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡಾಟಾ ಸೆಂಟರ್‌ನ ಲೀಥಿಯಂ ಬ್ಯಾಟರಿಗಳಿಂದ ಬೆಂಕಿ ಎದ್ದು, ಸರ್ಕಾರಿ ನೌಕರರು ತಮ್ಮ ಕೆಲಸದ ಫೈಲುಗಳನ್ನಿಡುತ್ತಿದ್ದ 858 ಟೆರಾಬೈಟ್‌ನಷ್ಟು ಸಂಗ್ರಹ ನಾಶವಾಯಿತು. ಪ್ರಮಾಣ ತೀರ ದೊಡ್ಡದು ಎಂಬ ಕಾರಣಕ್ಕೆ ಅದಕ್ಕೆ ಹೊರಗೆ ಪ್ರತಿಯೇ ಇರಲಿಲ್ಲ. ಜಗತ್ತಿನ ಅತ್ಯಂತ ಮುಂದುವರಿದ ಡಿಜಿಟಲ್ ಸರ್ಕಾರಗಳಲ್ಲೊಂದು ಎನ್ನಿಸಿಕೊಂಡ ದೇಶದ ಕತೆ ಇದು. ನಮ್ಮ ಅಂಗಡಿಯವರಿಗೆ ಆ ನೆಪವೂ ಇಲ್ಲ. ಹತ್ತು ವರ್ಷದ ಟ್ಯಾಲಿ ಲೆಕ್ಕ ಸಾಮಾನ್ಯವಾಗಿ ಒಂದು ಮದುವೆ ವಿಡಿಯೋಕ್ಕಿಂತ ಚಿಕ್ಕದು. ರಾತ್ರಿ ಶಟರ್ ಎಳೆದಾಗ ಮಾಲೀಕರ ಜೊತೆ ಮನೆಗೆ ಹೋಗಿ ಬೀರುವಿನಲ್ಲಿ ಕೂರುವ ಒಂದು ಪುಟ್ಟ ಡಿಸ್ಕ್ ಸಾಕು, ಅದೇ ಅವರ ಇನ್ನೊಂದು ಡಾಟಾ ಸೆಂಟರ್.

"ನಮ್ಮದೆಲ್ಲ ಗೂಗಲ್ ಡ್ರೈವ್‌ನಲ್ಲಿದೆ" ಎನ್ನುವವರು ಈಗ ಹೆಚ್ಚಾಗಿದ್ದಾರೆ. ಒಳ್ಳೆಯದೇ. ಆದರೆ ಅಲ್ಲೊಂದು ಗೊಂದಲ ಇದೆ, ಅದನ್ನು ಬಿಡಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳನ್ನು ಕಂಪ್ಯೂಟರಿನ ಫೋಲ್ಡರ್‌ಗೆ ಜೋಡಿಸಿದಾಗ ಅವು ಮಾಡುವುದು ಸಿಂಕ್, ಅಂದರೆ ಇಲ್ಲಿ ಆದದ್ದನ್ನು ಅಲ್ಲಿಯೂ ಮಾಡುವುದು. ಕನ್ನಡಿಯ ಹಾಗೆ. ಹುಡುಗ ಇಲ್ಲಿ ಫೋಲ್ಡರ್ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ ಇಲ್ಲಿ ಫೈಲಿಗೆ ಬೀಗ ಹಾಕಿದರೆ ಬೀಗ ಬಿದ್ದ ಫೈಲೇ ಅಲ್ಲಿಗೂ ಏರುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ ಅಳಿಸಿದ್ದು 30 ದಿನ ಇರುತ್ತದೆ, ಬದಲಾದ ಫೈಲುಗಳ ಹಳೆಯ ರೂಪಗಳೂ ಸಾಮಾನ್ಯವಾಗಿ ಅಷ್ಟೇ ದಿನ. ಮಾರ್ಚ್‌ನಲ್ಲಿ ಅಳಿದದ್ದು ಆಡಿಟರ್ ಕೇಳಿದಾಗ, ಅಂದರೆ ಜೂನ್‌ನಲ್ಲಿ, ಗೊತ್ತಾದರೆ ಕನ್ನಡಿಯಲ್ಲಿ ಏನೂ ಇರುವುದಿಲ್ಲ.

ಅದಕ್ಕೇ ಪ್ರತಿಯ ಮೇಲೆ ಪ್ರತಿ ಬರೆಯದೆ, ತಾರೀಖು ಹಾಕಿ ಬೇರೆ ಬೇರೆ ಇಡುವ ಪದ್ಧತಿ ಬಂದದ್ದು. ಟೇಪುಗಳ ಕಾಲದಿಂದಲೂ ಕಂಪ್ಯೂಟರಿನವರು ಇದನ್ನು ಅಜ್ಜ, ಅಪ್ಪ, ಮಗ ಎಂದೇ ಕರೆಯುತ್ತಾರೆ. ದಿನದ ಪ್ರತಿ ಮಗ. ವಾರ ತುಂಬಿದ ಮೇಲೆ ಹಳೆಯ ಮಕ್ಕಳ ಜಾಗದಲ್ಲಿ ಹೊಸ ಮಕ್ಕಳು ಬರುತ್ತಾರೆ. ವಾರದ ಪ್ರತಿ ಅಪ್ಪ. ತಿಂಗಳ ಕೊನೆಯದು ಅಜ್ಜ, ಅವನನ್ನು ವರ್ಷ ಮುಗಿಯುವವರೆಗೆ ಮುಟ್ಟುವಂತಿಲ್ಲ. ಮಗ ಕೆಟ್ಟಿದ್ದರೆ ಅಪ್ಪನ ಹತ್ತಿರ, ಅಪ್ಪನಿಗೂ ರೋಗ ತಗುಲಿದ್ದರೆ ಅಜ್ಜನ ಹತ್ತಿರ ಹೋಗುವುದು. ವರ್ಷಾಂತ್ಯದ, ಆಡಿಟ್ ಮುಗಿದ ಪ್ರತಿ ಮುತ್ತಜ್ಜ; ಆತ ಆ 72 ತಿಂಗಳ ಅವಧಿ ಮುಗಿಯುವವರೆಗೂ ಬೀರುವಿನಲ್ಲೇ ಇರಬೇಕು.

ರ‍್ಯಾನ್ಸಮ್‌ವೇರ್ ವಿಷಯಕ್ಕೆ ಬಂದರೆ, ಅದು ಕಂಪ್ಯೂಟರಿಗೆ ಆ ಹೊತ್ತು ಜೋಡಿಕೊಂಡಿರುವ ಎಲ್ಲವನ್ನೂ ಮುಟ್ಟುತ್ತದೆ: ಒಳಗಿನ ಡಿಸ್ಕ್, ಹೊರಗೆ ಸಿಕ್ಕಿಸಿದ ಡಿಸ್ಕ್, ನೆಟ್‌ವರ್ಕಿನಲ್ಲಿ ಕಾಣುವ ಇನ್ನೊಂದು ಕಂಪ್ಯೂಟರಿನ ಫೋಲ್ಡರ್. ವಿಂಡೋಸ್ ತಾನಾಗಿ ಇಟ್ಟುಕೊಂಡಿರುವ ಹಳೆಯ ಪ್ರತಿಗಳನ್ನು ಮೊದಲೇ ಹುಡುಕಿ ಅಳಿಸುವುದು ಇಂಥ ತಂಡಗಳ ಮಾಮೂಲಿ ಕೈಚಳಕ. ಆದ್ದರಿಂದ ವರ್ಷವಿಡೀ ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ಡಿಸ್ಕ್ ಇದ್ದೂ ಇಲ್ಲದಂತೆ. ಕೇಬಲ್ ಕಿತ್ತಿಡುವುದು ಹತ್ತು ಸೆಕೆಂಡಿನ ಕೆಲಸ; ಅಂಗಡಿ ಮಟ್ಟದಲ್ಲಿ ಅದಕ್ಕಿಂತ ಅಗ್ಗದ ರಕ್ಷಣೆ ಇಲ್ಲ. ಅಮೆರಿಕದ ಕೋಡ್ ಸ್ಪೇಸಸ್ ಎಂಬ ಸಾಫ್ಟ್‌ವೇರ್ ಸೇವೆಯ ಕಂಪನಿ 2014ರ ಜೂನ್‌ನಲ್ಲಿ ಕಲಿತ ಪಾಠವೂ ಇದೇ ಜಾತಿಯದು. ಅದರ ಡಾಟಾ, ಅದರ ಬ್ಯಾಕಪ್ ಎರಡಕ್ಕೂ ಬೀಗದ ಕೈ ಒಂದೇ ಆಗಿತ್ತು, ಒಂದೇ ಕ್ಲೌಡ್ ಖಾತೆ. ಅದರೊಳಗೆ ಹೊಕ್ಕವನು ಎರಡನ್ನೂ ಅಳಿಸಿದ. ಸುಮಾರು ಹನ್ನೆರಡು ಗಂಟೆಯಲ್ಲಿ ಎಲ್ಲ ಮುಗಿದು ಕಂಪನಿಯೇ ನಿಂತಿತು.

ಇನ್ನು ಏನನ್ನು ಪ್ರತಿ ಮಾಡುವುದು ಎಂಬ ಪ್ರಶ್ನೆ. ಕೇಳಲು ಬಾಲಿಶ, ಆದರೆ ಹೆಚ್ಚಿನ ಕಣ್ಣೀರು ಇಲ್ಲಿಯದೇ. ಡೆಸ್ಕ್‌ಟಾಪು, ಡಾಕ್ಯುಮೆಂಟ್ಸ್ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿಕೊಂಡು ನಿಶ್ಚಿಂತರಾದವರ ಟ್ಯಾಲಿ ಡಾಟಾ ಸಾಮಾನ್ಯವಾಗಿ ಅಲ್ಲಿರುವುದೇ ಇಲ್ಲ. ಅದು ಸಿ ಡ್ರೈವ್‌ನ ಬೇರೊಂದು ಮೂಲೆಯಲ್ಲಿ, ಬರೀ ಅಂಕಿಗಳ ಹೆಸರಿರುವ ಫೋಲ್ಡರಿನಲ್ಲಿ ಕೂತಿರುತ್ತದೆ. ಡೆಸ್ಕ್‌ಟಾಪಿನ ಮೇಲಿನ ಟ್ಯಾಲಿ ಐಕಾನನ್ನು ಪೆನ್‌ಡ್ರೈವಿಗೆ ಎಳೆದು ಹಾಕಿ "ಟ್ಯಾಲಿ ಕಾಪಿ ಆಯ್ತು" ಎಂದವರೂ ಇದ್ದಾರೆ. ಅವರು ಒಯ್ದದ್ದು ಮನೆಯನ್ನಲ್ಲ, ಮನೆಯ ವಿಳಾಸದ ಚೀಟಿಯನ್ನು. ಸರಿಯಾದ ದಾರಿ ಆ ತಂತ್ರಾಂಶದೊಳಗೇ ಇದೆ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡಾಟಾ ಪಟ್ಟಿ ತೆರೆದುಕೊಳ್ಳುತ್ತದೆ, ಅಲ್ಲಿ ಬ್ಯಾಕಪ್, ರಿಸ್ಟೋರ್ ಎರಡೂ ಅಕ್ಕಪಕ್ಕದ ಮನೆಯವರಂತೆ ಇವೆ.

ಮುದ್ರಣದವರ ಕಷ್ಟ ಇನ್ನೊಂದು ಬಗೆಯದು, ಮತ್ತು ಅದು ಕನ್ನಡದ್ದೇ ಕಷ್ಟ. ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷಗಳ ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಸ್ಮರಣ ಸಂಚಿಕೆ, ಕವನ ಸಂಕಲನಗಳು ಪೇಜ್‌ಮೇಕರ್ ಫೈಲುಗಳಾಗಿ ಉಳಿದಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆ ಫೈಲುಗಳ ಅಕ್ಷರಗಳು ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿವೆ, ಯುನಿಕೋಡ್‌ನಲ್ಲಿ ಅಲ್ಲ. ಹೊಸ ಕಂಪ್ಯೂಟರಿಗೆ ಫೈಲನ್ನು ಸುರಕ್ಷಿತವಾಗಿ ತಂದರೂ ಆ ಫಾಂಟು ಇಲ್ಲದಿದ್ದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಡಾಟಾ ಇದೆ, ಓದಲು ಬರುವುದಿಲ್ಲ. ಫೈಲಿನ ಜೊತೆ ಫಾಂಟು, ತಂತ್ರಾಂಶದ ಇನ್‌ಸ್ಟಾಲರ್, ಲೈಸೆನ್ಸ್ ನಂಬರು, ಪ್ರಿಂಟರಿನ ಡ್ರೈವರ್ ಇವಿಷ್ಟನ್ನೂ ಒಂದು ಫೋಲ್ಡರಿನಲ್ಲಿ ಇಟ್ಟು, ಮುಖ್ಯವಾದವುಗಳ ಪಿಡಿಎಫ್ ಪ್ರತಿಯನ್ನೂ ಉಳಿಸಿಕೊಂಡವರು ಜಾಣರು.

ಇಷ್ಟೆಲ್ಲ ಮಾಡಿದ ಮೇಲೂ ಮರಳಿ ತಂದು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಿಟ್‌ಲ್ಯಾಬ್ ಕಂಪನಿಯ ಕತೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸಾಫ್ಟ್‌ವೇರ್ ಬರೆಯುವವರೇ ತಮ್ಮ ಕೆಲಸ ಇಟ್ಟುಕೊಳ್ಳುವ ತಾಣ ಅದು. 2017ರ ಜನವರಿ 31ರ ತಡರಾತ್ರಿ ದಣಿದಿದ್ದ ಒಬ್ಬ ಎಂಜಿನಿಯರ್ ಒಂದು ಸರ್ವರ್‌ನಲ್ಲಿ ಅಳಿಸಬೇಕಾದ್ದನ್ನು ಇನ್ನೊಂದರಲ್ಲಿ ಅಳಿಸಲು ಆಜ್ಞೆ ಕೊಟ್ಟುಬಿಟ್ಟರು. ಅದು ಮುಖ್ಯ ಸರ್ವರ್. ಒಂದೆರಡು ಸೆಕೆಂಡಿನಲ್ಲಿ ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಇದ್ದದ್ದು 4.5 ಜಿಬಿಗೆ ಇಳಿದಿತ್ತು. ಪರವಾಗಿಲ್ಲ, ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಪ್ರತಿದಿನ ಕ್ಲೌಡ್‌ಗೆ ಹೋಗಬೇಕಿದ್ದ ಪ್ರತಿಗಳ ಜಾಗ ಖಾಲಿ. ಡಾಟಾಬೇಸಿನ ಆವೃತ್ತಿ ಒಂದು, ಪ್ರತಿ ತೆಗೆಯುವ ಸಲಕರಣೆಯ ಆವೃತ್ತಿ ಇನ್ನೊಂದು ಆಗಿದ್ದರಿಂದ ಆ ಕೆಲಸ ಸದ್ದಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾದರೆ ಎಚ್ಚರಿಸುವ ಇಮೇಲ್ ವ್ಯವಸ್ಥೆಯೇನೋ ಇತ್ತು; ಆ ಇಮೇಲ್‌ಗಳೂ ದಾರಿಯಲ್ಲೇ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಡಿಸ್ಕಿನ ಚಿತ್ರ ತೆಗೆಯುವ ಮತ್ತೊಂದು ಏರ್ಪಾಡನ್ನು ಡಾಟಾಬೇಸ್ ಸರ್ವರ್‌ಗೆ ಚಾಲೂ ಮಾಡಿಯೇ ಇರಲಿಲ್ಲ. ಐದು ಬಗೆಯ ಕಾವಲಿದ್ದೂ ಒಂದೂ ಕೆಲಸಕ್ಕೆ ಬರಲಿಲ್ಲ.

ಅವರನ್ನು ಉಳಿಸಿದ್ದು ಅದೃಷ್ಟ. ಬೇರೆ ಯಾವುದೋ ಪರೀಕ್ಷೆಗೆಂದು ಅದೇ ಎಂಜಿನಿಯರ್ ಆರು ಗಂಟೆ ಮುಂಚೆ ಕೈಯಾರೆ ಒಂದು ಪ್ರತಿ ತೆಗೆದಿದ್ದರು. ಅದರಿಂದ ಎಲ್ಲವನ್ನೂ ಎಬ್ಬಿಸಿ ನಿಲ್ಲಿಸಲು ಸುಮಾರು 18 ಗಂಟೆ ಹಿಡಿಯಿತು. ಆರು ಗಂಟೆಯ ಕೆಲಸ ಹೋಯಿತು. ಕಂಪನಿಯ ದೊಡ್ಡತನವೆಂದರೆ ಮರಳಿ ತರುವ ಆ ಪಡಿಪಾಟಲನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿ, ಎಲ್ಲೆಲ್ಲಿ ತಪ್ಪಿದೆವು ಎಂದು ಬರೆದು ಪ್ರಕಟಿಸಿತು. ಪಿಕ್ಸಾರ್ ಸ್ಟುಡಿಯೋಕ್ಕೂ 1998ರಲ್ಲಿ ಇಂಥದೇ ಪ್ರಸಂಗ ಎದುರಾಗಿತ್ತು. 'ಟಾಯ್ ಸ್ಟೋರಿ 2' ಚಿತ್ರದ ಫೈಲುಗಳ ಬಹುಪಾಲು ಒಂದು ತಪ್ಪು ಆಜ್ಞೆಯಿಂದ ಅಳಿಯಿತು, ಬ್ಯಾಕಪ್ ಸುಮಾರು ಒಂದು ತಿಂಗಳಿಂದ ಸರಿಯಾಗಿ ಆಗುತ್ತಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಮಗುವಾದ ಮೇಲೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿಯಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ತರುವಂತೆ ಕಾರಿನಲ್ಲಿ ನಿಧಾನವಾಗಿ ತಂದರು. 3-2-1ರಲ್ಲಿ ಕೊನೆಯ 1 ಅದೇ.

ಬಾಣಂತಿಯ ಮನೆಯ ಕಂಪ್ಯೂಟರನ್ನು ನಂಬಿ ವ್ಯಾಪಾರ ನಡೆಸಲಾಗುವುದಿಲ್ಲ. ಅದಕ್ಕೇ ಯೋಜನೆ. ಸಣ್ಣ ವ್ಯಾಪಾರದ ಮಟ್ಟಿಗೆ ಯೋಜನೆಯೆಂದರೆ ಎರಡು ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡುವುದು. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ಮತ್ತೆ ಬರೆದುಕೊಳ್ಳಬಹುದು? ಎಷ್ಟು ಹೊತ್ತು ಕಂಪ್ಯೂಟರ್ ಇಲ್ಲದೆ ಅಂಗಡಿ ನಡೆದೀತು? ಫ್ಲೆಕ್ಸ್ ಮುದ್ರಿಸುವವರಿಗೆ ಒಂದು ದಿನದ ಕೆಲಸ ಹೋದರೆ ಗಿರಾಕಿಯ ವಾಟ್ಸ್‌ಆ್ಯಪ್‌ನಿಂದ ಮತ್ತೆ ತರಿಸಿಕೊಳ್ಳಬಹುದು, ಆದರೆ ಚುನಾವಣೆ ಹೊತ್ತಿನಲ್ಲಿ ಮೂರು ಗಂಟೆ ಯಂತ್ರ ನಿಲ್ಲುವಂತಿಲ್ಲ. ಟ್ಯಾಕ್ಸ್ ಕನ್ಸಲ್ಟೆಂಟರ ಆಫೀಸಿಗೆ ತಿಂಗಳ 5ನೇ ತಾರೀಖು ಎರಡು ದಿನ ಕಂಪ್ಯೂಟರ್ ಇಲ್ಲದಿದ್ದರೂ ನಡೆದೀತು, ರಿಟರ್ನ್ ಸಲ್ಲಿಸುವ 20ರಂದು ಎರಡು ಗಂಟೆಯೂ ಆಗದು. ಮೆಡಿಕಲ್ ಸ್ಟೋರಿನವರದ್ದು ಬೇರೆಯೇ ಲೆಕ್ಕ. ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು ಇಲ್ಲದೆ ಬಿಲ್ ಕೊಡುವಂತಿಲ್ಲ, ಶೆಡ್ಯೂಲ್ ಎಚ್1ರ ಔಷಧಗಳ ಮಾರಾಟದ ವಿವರವನ್ನು ಮೂರು ವರ್ಷ ಇಟ್ಟಿರಬೇಕು. ಅವರಿಗೆ ದಿನಕ್ಕೆ ಎರಡು ಸಲ ಪ್ರತಿ ತೆಗೆದರೂ ಹೆಚ್ಚಲ್ಲ. ಜೊತೆಗೆ ಕೈಬರಹದ ಒಂದು ಬಿಲ್‌ಬುಕ್ ಕೌಂಟರಿನ ಕೆಳಗೆ ಇರಬೇಕು.

ಬಿಲ್‌ಬುಕ್ ಎಂದರೆ ನಗುವವರು ದೆಹಲಿಯ ಏಮ್ಸ್ ಆಸ್ಪತ್ರೆಯನ್ನು ನೆನೆಯಬಹುದು. 2022ರ ನವೆಂಬರ್ 23ರಂದು ಅದರ ಸರ್ವರುಗಳ ಮೇಲೆ ಸೈಬರ್ ದಾಳಿಯಾದಾಗ ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ನಡೆದದ್ದು ಪೆನ್ನು ಮತ್ತು ರಿಜಿಸ್ಟರಿನಿಂದ. ಹೊರರೋಗಿಗಳ ಚೀಟಿ, ದಾಖಲಾತಿ, ಬಿಡುಗಡೆ ಎಲ್ಲ ಕೈಬರಹ. ದಾಳಿ ತಲುಪದ ಒಂದು ಬ್ಯಾಕಪ್ ಸರ್ವರ್ ಇದ್ದುದರಿಂದ ಅಲ್ಲಿಯ ಡಾಟಾವನ್ನು ಹೊಸ ಸರ್ವರ್‌ಗಳಿಗೆ ಮರಳಿ ತರಲಾಯಿತು; ಹಾಗಿದ್ದೂ ಹೆಚ್ಚಿನ ಸೇವೆಗಳು ಮೊದಲಿನಂತಾಗಲು ಎರಡು ವಾರ ಬೇಕಾಯಿತು.

ಯೋಜನೆಯ ಹಾಳೆಯಲ್ಲಿ ಇನ್ನೊಂದು ಸಂಗತಿ ಇರಲೇಬೇಕು: ಬೀಗದ ಕೈಗಳು. ಹೊಸ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಡಿಸ್ಕನ್ನು ತಾನಾಗಿ ಗೂಢಲಿಪಿಗೆ ತಿರುಗಿಸಿರುತ್ತದೆ, ಅದರ ಹೆಸರು ಬಿಟ್‌ಲಾಕರ್. ಮದರ್‌ಬೋರ್ಡ್ ಬದಲಿಸಿಕೊಂಡು ಬಂದ ದಿನ ನೀಲಿ ಪರದೆಯೊಂದು ಎದ್ದು 48 ಅಂಕಿಗಳ ಕೀ ಕೇಳುತ್ತದೆ. ಆ ಕೀ ಇರುವುದು ಲ್ಯಾಪ್‌ಟಾಪ್ ಶುರುಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆ ಯಾರದ್ದು? ಹಲವು ಬಾರಿ ಕಂಪ್ಯೂಟರ್ ಅಂಗಡಿಯ ಹುಡುಗನದ್ದು, ಅವನೀಗ ದುಬೈನಲ್ಲಿದ್ದಾನೆ. ಗೂಗಲ್ ಖಾತೆಯ ಓಟಿಪಿ ಹೋಗುವುದು ಮೂರು ವರ್ಷದ ಹಿಂದೆ ಕೆಲಸ ಬಿಟ್ಟ ಅಕೌಂಟೆಂಟರ ನಂಬರಿಗೆ. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಿಹಾಕಬಹುದು. ಟ್ಯಾಲಿಯಲ್ಲಿ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿ ಮರೆತರೆ ಆ ಲೆಕ್ಕವನ್ನು ತೆರೆಯಲು ಟ್ಯಾಲಿಯವರಿಂದಲೂ ಆಗದು. ಇವೆಲ್ಲವೂ ಮಾಲೀಕರ ಹೆಸರಿನಲ್ಲಿ, ಮಾಲೀಕರ ನಂಬರಿನಲ್ಲಿ ಇರಬೇಕು, ಕಾಗದದ ಮೇಲೆ ಬರೆದು ಮನೆಯಲ್ಲಿಡಬೇಕು. ಕಂಪ್ಯೂಟರಿನಲ್ಲೇ ಪಾಸ್‌ವರ್ಡ್ ಫೈಲ್ ಇಟ್ಟವರು ಬಾವಿಗೆ ಬಿದ್ದಾಗ ಬಾವಿಯಲ್ಲೇ ಹಗ್ಗ ಹುಡುಕಬೇಕಾಗುತ್ತದೆ.

ಅನಾಹುತ ಆದ ಗಳಿಗೆಯಲ್ಲಿ ಮಾಡಬಾರದ್ದೇ ಹೆಚ್ಚು. ಫೈಲ್ ಅಳಿದುಹೋಗಿದ್ದರೆ ಆ ಕಂಪ್ಯೂಟರಿನಲ್ಲಿ ಬೇರೆ ಏನೂ ಮಾಡಬಾರದು. ಅಳಿದ ಫೈಲಿನ ಜಾಗ 'ಖಾಲಿ' ಎಂದು ಗುರುತಾಗಿರುತ್ತದಷ್ಟೇ, ಹೊಸದೇನಾದರೂ ಅಲ್ಲಿ ಬಂದು ಕೂತರೆ ಹಳೆಯದು ಹೋಯಿತು. ಅಳಿದದ್ದನ್ನು ಹುಡುಕುವ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಿಕೊಂಡು ಆ ಜಾಗವನ್ನೇ ಮುಚ್ಚಿದವರಿದ್ದಾರೆ. ಎಸ್‌ಎಸ್‌ಡಿ ಆಗಿದ್ದರೆ ಅದು ಖಾಲಿ ಜಾಗವನ್ನು ತಾನೇ ಒರೆಸಿಕೊಳ್ಳುವುದರಿಂದ ಆಸೆ ಇನ್ನೂ ಕಡಿಮೆ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡುವುದು, ಸ್ಕ್ರೂಡ್ರೈವರ್ ಹಾಕಿ ಬಿಚ್ಚುವುದು ಎರಡೂ ಕೆಡುಕು. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ಡಾಟಾ ತೆಗೆಯುವ ಪ್ರಯೋಗಾಲಯಗಳು ಬೆಂಗಳೂರಿನಲ್ಲಿವೆ, ಆದರೆ ಅವು ಕೇಳುವ ಹಣದಲ್ಲಿ ಹಲವು ಹೊಸ ಡಿಸ್ಕ್ ಬರುತ್ತವೆ, ಖಾತ್ರಿಯನ್ನಂತೂ ಯಾರೂ ಕೊಡುವುದಿಲ್ಲ. ರ‍್ಯಾನ್ಸಮ್‌ವೇರ್ ಎಂದು ಕಂಡರೆ ಮೊದಲು ನೆಟ್‌ವರ್ಕ್ ಕೇಬಲ್ ಮತ್ತು ವೈಫೈ ಕಡಿಯಬೇಕು. ಗಾಬರಿಯಲ್ಲಿ ಬ್ಯಾಕಪ್ ಡಿಸ್ಕ್ ತಂದು ಅದೇ ಯಂತ್ರಕ್ಕೆ ಸಿಕ್ಕಿಸಿದರೆ ಉಳಿದ ಒಂದೂ ಹೋಯಿತು. ಸೈಬರ್ ಅಪರಾಧದ ಸಹಾಯವಾಣಿ 1930. ಕಂಪನಿಗಳು ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನ ಇದೆ. ಡಚ್ ಪೊಲೀಸರು, ಯುರೋಪೋಲ್ ಸೇರಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಕೆಲವು ಹಳೆಯ ರ‍್ಯಾನ್ಸಮ್‌ವೇರ್‌ಗಳ ಬೀಗ ತೆಗೆಯುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಎಲ್ಲದಕ್ಕೂ ಸಿಗುವುದಿಲ್ಲ.

ಉಳಿದದ್ದು ತಾಲೀಮು. ಇದಕ್ಕೆ ಬೇರೆ ದಿನ ಹುಡುಕಬೇಕಾಗಿಲ್ಲ. ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುವ ರೂಢಿ ನಮ್ಮ ಪೇಟೆಗಳಲ್ಲಿ ಇದ್ದೇ ಇದೆ, ಆ ದಿನವೇ ಆದೀತು. ಹಿಂದಿನ ರಾತ್ರಿ ಪ್ರತಿ ತೆಗೆಯುವಾಗ ಒಂದು ಚೀಟಿಯಲ್ಲಿ ಮೂರು ಅಂಕಿ ಬರೆದಿಡುವುದು: ಕೈಯಲ್ಲಿರುವ ನಗದು, ಒಟ್ಟು ಉದ್ರಿ, ಕೊನೆಯ ಬಿಲ್ಲಿನ ನಂಬರು. ಪೂಜೆ ಮುಗಿಸಿ ಮನೆಗೆ ಹೋಗಿ, ಬೀರುವಿನಿಂದ ಡಿಸ್ಕ್ ತೆಗೆದು, ಮಗಳ ಕಾಲೇಜು ಲ್ಯಾಪ್‌ಟಾಪಿನಲ್ಲಿ ರಿಸ್ಟೋರ್ ಮಾಡಿ ನೋಡುವುದು. ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ಈ ಪರೀಕ್ಷೆ ಬೇಡ. ಅದೇ ಫೋಲ್ಡರಿಗೆ ರಿಸ್ಟೋರ್ ಮಾಡಿದರೆ ಹಳೆಯ ಲೆಕ್ಕ ಹೊಸದರ ಮೇಲೆ ಕೂತು, ಪರೀಕ್ಷೆಯೇ ಅನಾಹುತವಾಗುತ್ತದೆ. ಮೊದಲ ಸಲ ಏನೋ ಒಂದು ಅಡ್ಡ ಬಂದೇ ಬರುತ್ತದೆ. ಕೇಬಲ್ ಹೊಂದುವುದಿಲ್ಲ, ಟ್ಯಾಲಿಯ ಆವೃತ್ತಿ ಹಳೆಯದು, ಪಾಸ್‌ವರ್ಡ್ ನೆನಪಿಲ್ಲ, ಇಲ್ಲವೇ ಪ್ರತಿಯಲ್ಲಿರುವುದು ಹೋದ ವರ್ಷದ ಕಂಪನಿ. ಗಡಿಯಾರ ನೋಡಿ, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಅದೇ ಚೀಟಿಯ ಹಿಂದೆ ಬರೆಯುವುದು. ಎರಡನೆಯ ಅಮಾವಾಸ್ಯೆಗೆ ಹೊತ್ತು ಅರ್ಧವಾಗಿರುತ್ತದೆ. ತೆರೆಯ ಮೇಲೆ ಉದ್ರಿಯ ಮೊತ್ತ ಚೀಟಿಯ ಅಂಕಿಗೆ ಪೈಸೆ ಬಿಡದೆ ಹೊಂದಿದ ಮೇಲೆ ಲ್ಯಾಪ್‌ಟಾಪಿನಲ್ಲಿರುವ ಪ್ರತಿ ಅಳಿಸಿ, ಕೇಬಲ್ ಕಿತ್ತು, ಡಿಸ್ಕನ್ನು ಮತ್ತೆ ಬೀರುವಿನ ಸೀರೆಗಳ ಕೆಳಗೆ ಇಡಬಹುದು. ಗಲ್ಲಾಪೆಟ್ಟಿಗೆಯ ಪೆನ್‌ಡ್ರೈವ್ ಬೇಕಿದ್ದರೆ ಅಲ್ಲೇ ಇರಲಿ, ಚಿಲ್ಲರೆಯ ಜೊತೆ.